ಪ್ರಳಯ ಬರುತ್ತೆ ಅಂತ ಅಮ್ಮ ಕಣ್ಣಿನ ಆಪರೇಷನ್ನೇ ಬೇಡ ಅಂತಿದ್ದಾರೆ, ಹೇಗೆ ಮಾತಾಡ್ಲಿ?

ಕಾಫಿಹೂವು

ನಮಸ್ಕಾರ ಎಲ್ರಿಗೂ. ತುಂಬಾ ದಿನದಿಂದ ಬರೀಬೇಕು ಅಂತಿದ್ದೆ, ಬರೆದ್ರೆ ಹೆತ್ತಮ್ಮನ್ನ ಆಡ್ಕೊಂಡ ಹಾಗಾಗುತ್ತೇನೋ ಅಂತ ಸುಮ್ನಿದ್ದೆ. ದಯವಿಟ್ಟು ನಗಬೇಡಿ.

ಅಮ್ಮಂಗೆ 63. ಮೂಡಿಗೆರೆ ಕಡೆ ಒಂದು ಹಳ್ಳಿ, ಮೂರೆಕರೆ ಕಾಫಿ, ಮಧ್ಯೆ ಮೆಣಸು, ಎರಡು ಹಸು. ಅಪ್ಪ 2021ರಲ್ಲಿ ಕೋವಿಡ್ ಎರಡನೇ ಅಲೆಯಲ್ಲಿ ಹೋದ್ರು. ಅಣ್ಣ ಹಾಸನದಲ್ಲಿ, ನಾನು ಬೆಂಗಳೂರಲ್ಲಿ, ಅಮ್ಮ ಒಬ್ರೇ. ಅಪ್ಪ ಇದ್ದಾಗ ಅಮ್ಮ ಹೀಗಿರ್ಲಿಲ್ಲ. ಸೋಮವಾರ ಒಪ್ಪತ್ತು, ವರ್ಷಕ್ಕೊಂದ್ಸಲ ಧರ್ಮಸ್ಥಳ, ಅಷ್ಟೇ ಅವರ ಭಕ್ತಿ.

ಈಗ ಸಂಜೆ ಆರಕ್ಕೆ ಫೋನ್ ಹಿಡಿದ್ರೆ ಹನ್ನೊಂದರವರೆಗೂ ಕಾಲಜ್ಞಾನದ ವಿಡಿಯೋ, ಅದೇ ಮುಂದೆ ಏನಾಗುತ್ತೆ ಅಂತ ಹಿಂದಿನೋರು ಹೇಳಿದ ಭವಿಷ್ಯ. ಆಂಧ್ರದ ಕಾಲಜ್ಞಾನಿ ಬ್ರಹ್ಮಂಗಾರು ಹೀಗೆ ಹೇಳಿದ್ರು, ಯಾಗಂಟಿ ದೇವಸ್ಥಾನದ ಕಲ್ಲಿನ ಬಸವಣ್ಣ ಬೆಳೀತಾ ಇದ್ದಾನೆ, ಎದ್ದು ನಿಂತು ಕೂಗಿದ ದಿನ ಕಲಿಯುಗ ಮುಗೀತು, ಕೃಷ್ಣಾ ನದಿ ಉಕ್ಕಿ ಬೆಜವಾಡ (ವಿಜಯವಾಡ) ಕನಕದುರ್ಗಮ್ಮನ ಮೂಗುತಿ ಮುಟ್ಟುತ್ತೆ, ಇಂಥವು. ಹಿಂದೆ ಬೆಂಕಿ ಉಗುಳೋ ಗ್ರಾಫಿಕ್ಸು, ಅದಕ್ಕೊಂದು ಗಡಸು ದನಿ. ಜಾಸ್ತಿ ಆಗಿದ್ದು 2024ರ ಜುಲೈ ಆದ್ಮೇಲೆ. 16ನೇ ತಾರೀಕು ಉತ್ತರ ಕನ್ನಡದ ಶಿರೂರಲ್ಲಿ ಗುಡ್ಡ ಬಿತ್ತು, ಎರಡು ವಾರಕ್ಕೆ ವಯನಾಡು. ಆ ವಯನಾಡಿನ ವಿಡಿಯೋಗಳನ್ನ ಅಮ್ಮ ಎಷ್ಟು ಸಲ ನೋಡಿದ್ದಾರೋ ದೇವ್ರಿಗೇ ಗೊತ್ತು.

ಬರೀ ನೋಡ್ಕೊಂಡಿದ್ರೆ ನಾನೇನೂ ಅಂತಿರ್ಲಿಲ್ಲ. ಆದ್ರೆ ಎರಡೂ ಕಣ್ಣಿಗೆ ಪೊರೆ ಬಂದಿದೆ, ಡಾಕ್ಟ್ರು ಬಲಗಣ್ಣು ತಡ ಮಾಡಬೇಡಿ ಅಂದಿದ್ದಾರೆ, ಅಮ್ಮ ಅಂತಾರೆ "ಇನ್ನೆಷ್ಟು ದಿನಕ್ಕೆ ಪುಟ್ಟೀ, ನೋಡೋಕೆ ಏನು ಉಳಿಯುತ್ತೆ". ಈ ವರ್ಷ ಮರಗಸಿ (ನೆರಳಿನ ಮರದ ಕೊಂಬೆ ಕಡಿಯೋದು) ಮಾಡಿಸಿಲ್ಲ, ಮೆಣಸಿಗೆ ರೋಗ ಬರದ ಹಾಗೆ ಬೋರ್ಡೋ ಔಷಧಿ ಹೊಡೆಸಿಲ್ಲ, ಸತ್ತ ಬಳ್ಳಿ ಜಾಗಕ್ಕೆ ಹೊಸ ಬಳ್ಳಿ ಹಾಕಿಸಿಲ್ಲ. ಯಾವುದೋ ಚಾನೆಲ್‌ನೋರು ರಕ್ಷಾಕವಚ ಅಂತ ತಾಮ್ರದ ತಗಡು ಕಳಿಸಿ 15,000 ತಗೊಂಡಿದ್ದಾರೆ. ಅದು ಹೋಗ್ಲಿ. 2019ರ ಆಗಸ್ಟಲ್ಲಿ ನಮ್ಮನೆ ಹಿಂದಿನ ಗುಡ್ಡ ಕೊಟ್ಟಿಗೆವರೆಗೂ ಜಾರಿ ಬಂದಿತ್ತು. ಮಳೆ ಜೋರಾದಾಗ ಹಾಸನಕ್ಕೆ ಅಣ್ಣನ ಮನೆಗೆ ಹೋಗಿರಮ್ಮ ಅಂದ್ರೆ "ಭೂಮಿನೇ ಮುಳುಗೋವಾಗ ಹಾಸನ ತೇಲುತ್ತಾ" ಅಂತ ಕೇಳ್ತಾರೆ. ಏನಂತ ಉತ್ತರ ಕೊಡ್ಲಿ ಇದಕ್ಕೆ?

ಇನ್ನೊಂದು ತಿಂಗಳಲ್ಲಿ ಆರಿದ್ರಾ ಮಳೆ ಹಿಡಿಯುತ್ತೆ. ನನ್ನ ಯಜಮಾನ್ರು ವಯಸ್ಸಾದೋರು ಬಿಡು ಅಂತಾರೆ. ಅಣ್ಣ ಕಿರುಚಾಡ್ತಾನೆ, ಆಮೇಲೆ ಇಬ್ರೂ ಒಂದು ವಾರ ಮಾತು ಬಿಡ್ತಾರೆ. ಯಾರಾದ್ರೂ ಇಂಥದ್ದು ಅನುಭವಿಸಿದ್ರೆ ಹೇಳಿ.

ಬುಲೆಟ್_ರಾಜ

ಸ್ಮಾರ್ಟ್‌ಫೋನ್ ಕಿತ್ಕೊಂಡು ಕೀಪ್ಯಾಡ್ ಸೆಟ್ ಕೊಡಿ, ಎರಡು ವಾರದಲ್ಲಿ ಪ್ರಳಯ ಕ್ಯಾನ್ಸಲ್ ಆಗುತ್ತೆ. 2012 ಡಿಸೆಂಬರ್ 21ಕ್ಕೆ ಮಾಯನ್ ಕ್ಯಾಲೆಂಡರ್ ಮುಗೀತು ಎಲ್ರೂ ಸಾಯ್ತೀವಿ ಅಂತ ಟಿವಿಲಿ ಬೆಳಗ್ಗಿಂದ ರಾತ್ರಿವರೆಗೂ ಕೊರೆದ್ರು, ನಾನು ಅದನ್ನ ನಂಬಿ ಓದದೆ ಇಂಟರ್ನಲ್ಸ್ ಬರೆದೆ, ಮುಳುಗಿದ್ದು ನಾನೊಬ್ಬನೇ.

ಕಾಫಿಹೂವು

ರಾಜ ಅವ್ರೇ, ಆ ಫೋನಲ್ಲೇ ಅಲ್ವಾ ನಾನೂ ದಿನಾ ವಿಡಿಯೋ ಕಾಲ್ ಮಾಡಿ ಊಟ ಆಯ್ತಾ ಅಂತ ಕೇಳೋದು. ಕಿತ್ಕೊಂಡ್ರೆ ಆ ಮನೇಲಿ ಗಡಿಯಾರದ ಸದ್ದು ಬಿಟ್ರೆ ಬೇರೇನಿಲ್ಲ.

ನಿವೃತ್ತ_ಮಾಸ್ತರ

ತಂಗೀ, ನಾನು ಧಾರವಾಡ ಜಿಲ್ಲಾದಾಂವ, ಎಪ್ಪತ್ತರ ಮ್ಯಾಲ ವಯಸ್ಸಾತು. ನಿಮ್ಮ ತಾಯಿಯವರನ್ನ ನೋಡಿ ನಗೂ ಅಧಿಕಾರ ನನಗಿಲ್ಲ ಯಾಕಂದ್ರ ನಾನು ಹತ್ತು ವರ್ಷದಾಂವ ಇದ್ದಾಗ ಅಷ್ಟಗ್ರಹ ಕೂಟಕ್ಕ ಹೆದರಿ ಮೂರು ದಿನ ಹಾಸಿಗೀ ಒದ್ದಿ ಮಾಡಿಕೊಂಡಾಂವ.

1962ರ ಫೆಬ್ರುವರಿ 3, 4, 5. ಸೂರ್ಯ, ಚಂದ್ರ, ಮಂಗಳ, ಬುಧ, ಗುರು, ಶುಕ್ರ, ಶನಿ, ಮ್ಯಾಲ ಕೇತು, ಎಂಟೂ ಮಕರ ರಾಶಿಯೊಳಗ ಕೂಡ್ತಾವ, ಜಗತ್ತು ಮುಳುಗತೈತಿ ಅಂತ ಇಡೀ ಹಿಂದೂಸ್ತಾನಕ್ಕ ಹಬ್ಬಿತ್ತು. ಆಗ ಮೊಬೈಲ್ ಇರಲಿಲ್ಲ ನೋಡ್ರಿ ರಾಜ ಅವರ, ನಮ್ಮೂರಾಗ ರೇಡಿಯೋನ ಎರಡು ಇದ್ದವು, ಆದರೂ ಸುದ್ದಿ ಬಂತು. ಹೆದರಿಕೀಗೆ ಟವರ್ ಬೇಕಾಗಂಗಿಲ್ಲ. ಎಲ್ಲಾ ಕಡೆ ಹೋಮ, ಭಜನಿ. ನಮ್ಮೂರಾಗ ಕೆಲವರು ಕೋಳಿ ಕೊಯ್ದು ತಿಂದು ಮುಗಿಸಿದರು, ಹೆಂಗೂ ಹೋಗೂದೈತಿ ಅಂತ. ಒಬ್ಬಾಂವ ಸಾಲ ಕೊಟ್ಟಾಂವ ಮಾತ್ರ ಒಂದನೇ ತಾರೀಖಿಗೆ ಮನಿ ಮನಿ ತಿರುಗಿ ವಸೂಲಿ ಮಾಡಿದ. ಮುಳುಗೂ ಜಗತ್ತಿನ್ಯಾಗ ಅವಂಗ ಬಡ್ಡಿ ಯಾಕ ಬೇಕಿತ್ತೋ, ಅದನ್ನ ಆಗ ಯಾರೂ ಕೇಳಲಿಲ್ಲ.

ಹೊಲದಾಗ ಬಿಳಿಜೋಳ ಕೊಯ್ಲಿಗೆ ಬಂದಿತ್ತು. ಆಳು ಯಾರೂ ಬರಲಿಲ್ಲ. ನಮ್ಮಪ್ಪ ನಮ್ಮವ್ವ ಇಬ್ಬರ ಹೋದರು ಕುಡಗೋಲು ತಗೊಂಡು. ನಮ್ಮಪ್ಪ ಏನು ಧೈರ್ಯಸ್ಥ ಅಂತಲ್ಲ, ಅವಂಗೂ ಪುಕು ಪುಕು ಇತ್ತು, ರಾತ್ರಿ ಎದ್ದು ಎದ್ದು ಮುಗಿಲು ನೋಡತಿದ್ದ. ಆದ್ರ ಅವ ಅಂದದ್ದಿಷ್ಟ, "ಮುಳುಗಿದ್ರ ಮುಳುಗಲಿ, ಮುಳುಗಲಿಲ್ಲಂದ್ರ ಜೋಳ ಬೇಕಲ್ಲಾ". ಆರನೇ ತಾರೀಖಿಗೆ ಹೊತ್ತು ಹುಟ್ಟಿತು. ಮಂದಿ ಹೊಲಕ್ಕ ಹೋಗಿ ನೋಡತಾರ, ತೆನಿ ಅರ್ಧ ಗುಬ್ಬಿ ಪಾಲು.

ಮುಂದ 1979ರಾಗ ಅಮೆರಿಕಾದವರ ಸ್ಕೈಲ್ಯಾಬ್ ಅನ್ನೂ ಬಾಹ್ಯಾಕಾಶ ನಿಲ್ದಾಣ ಬೀಳತೈತಿ ಅಂತ ಮತ್ತ ಅದ ಆಟ. ಜುಲೈ 11ಕ್ಕ ಅದು ಹಿಂದೂ ಮಹಾಸಾಗರದಾಗ, ಆಸ್ಟ್ರೇಲಿಯಾದ ಪಡುವಣ ಮೂಲಿಯೊಳಗ ಬಿತ್ತು, ನಮ್ಮೂರ ಕೋಳಿ ಮಾತ್ರ ಮತ್ತೊಮ್ಮೆ ಸತ್ತವು. 1980ರ ಫೆಬ್ರುವರಿ 16ಕ್ಕ ಖಗ್ರಾಸ ಗ್ರಹಣ, ಹುಬ್ಬಳ್ಳಿ, ಗದಗ, ರಾಯಚೂರ ಮ್ಯಾಲ ಹಾದು ಹೋತು. ನಾನಾಗ ಮಾಸ್ತರ ಆಗಿದ್ದೆ. ಹುಬ್ಬಳ್ಳಿ ಓಣಿ ಓಣಿ ಕರ್ಫ್ಯೂ ಹಾಕಿದಂಗ, ಒಂದು ನಾಯಿ ಇಲ್ಲ. ನಾನು ಮತ್ತ ಇಬ್ಬರು ಹುಡುಗರು ಮಾಳಗಿ ಮ್ಯಾಲ ನಿಂತು ಕರೀ ಕಾಜು ಹಿಡದು ನೋಡಿದಿವಿ. ಹಾಡಾಹಗಲ ಕತ್ತಲಾಗಿ ಚುಕ್ಕಿ ಕಂಡಾಗ ಖರೇ ಹೇಳತೀನಿ, ಓದಿದ್ದೆಲ್ಲಾ ಮರತು ಕೈ ಮುಗದೆ. ಹೆದರಿಕಿಂದಲ್ಲ. ಅಂಥಾದ್ದು ಜನ್ಮದಾಗ ಮತ್ತ ನೋಡಲಿಲ್ಲ.

ನಮ್ಮ ಅಜ್ಜಿ ಕಾಲಜ್ಞಾನದ ಪದ ಹಾಡತಿದ್ದಳು. ಕೊಡೇಕಲ್ ಬಸವಣ್ಣನ ಕಡೀವು, ಸರ್ವಜ್ಞನ ಹೆಸರಿಲೆ ಇದ್ದವು. ಆಕೀ ಪ್ರಳಯದಾಗ ಸಾಯೂದರಕಿಂತ ಆಮ್ಯಾಲ ಬರೂದರ ಮಾತು ಭಾಳ, ವೀರ ವಸಂತರಾಯ ಬರತಾನ, ಕಲ್ಯಾಣ ಮತ್ತ ಕಟ್ಟತಾನ, ಬಡವರದು ನಡೀತೈತಿ ಅಂತ. ಅಂಜಸೂದಕ್ಕ ಹಾಡತಿರಲಿಲ್ಲ ಆಕಿ. ಹಾಡಕೋತ ರೊಟ್ಟಿ ಬಡೀತಿದ್ದಳು. ಈಗಿನ ವಿಡಿಯೋದಾಗ ವಸಂತರಾಯನ್ನ ತಗದು ಹಾಕ್ಯಾರ, ಬರೇ ಬೆಂಕಿ ಉಳಿಸ್ಯಾರ.

ತುಂಗಾತೀರ

ಮಾಸ್ತರ್ ಬರೆದಿದ್ದು ಓದಿ ಖುಷಿಯಾಯ್ತು. ನಮ್ದು ಪೌರೋಹಿತ್ಯದ ಮನೆ, ನಾನು ಸಾಫ್ಟ್‌ವೇರ್ ಆದ್ರೂ ಅಪ್ಪನ ಜೊತೆ ಕೂತು ಒಂದಿಷ್ಟು ಕಲ್ತಿದ್ದೀನಿ, ಅದರಿಂದ ಒಂದು ಮಾತು. ಅಮ್ಮಂಗೆ ವಿಜ್ಞಾನ ಹೇಳೋಕೆ ಹೋಗ್ಬೇಡಿ, ಅವರ ನಂಬಿಕೆಯೊಳಗಿಂದಾನೇ ಹೇಳಿ.

ಮನೇಲಿ ಯಾವ ಪೂಜೆ ಮಾಡಿಸಿದ್ರೂ ಮೊದಲು ಸಂಕಲ್ಪ ಮಾಡಿಸ್ತಾರಲ್ಲ, ಅಕ್ಷತೆ ನೀರು ಹಿಡ್ಕೊಂಡು, ಅದರಲ್ಲಿ ಏನು ಬರುತ್ತೆ? "ಶ್ವೇತವರಾಹಕಲ್ಪೇ ವೈವಸ್ವತಮನ್ವಂತರೇ ಕಲಿಯುಗೇ ಪ್ರಥಮಪಾದೇ". ಪ್ರಥಮ ಪಾದ! ಅಂದ್ರೆ ಕಲಿಯುಗದ ನಾಲ್ಕು ಕಾಲಲ್ಲಿ ಇನ್ನೂ ಮೊದಲನೇದು. ಲೆಕ್ಕ ಇಷ್ಟೇ, ಕಲಿಯುಗ ಒಟ್ಟು 4,32,000 ವರ್ಷ, ಶುರುವಾಗಿದ್ದು ಕ್ರಿಸ್ತಪೂರ್ವ 3102ರಲ್ಲಿ ಅಂತ ಪಂಚಾಂಗದೋರು ಹಿಡೀತಾರೆ, ಹಾಗಾಗಿ ಕಳೆದಿರೋದು 5,100 ಚಿಲ್ಲರೆ. ಉಳಿದಿರೋದು ನಾಲ್ಕು ಲಕ್ಷದ ಇಪ್ಪತ್ತಾರು ಸಾವಿರಕ್ಕೂ ಮೇಲೆ. ಮತ್ತೆ ಕಲಿಯುಗ ಮುಗಿದ್ರೆ ಎಲ್ಲಾ ಮುಳುಗುತ್ತೆ ಅಂತಾನೂ ಇಲ್ಲ, ಮುಂದಕ್ಕೆ ಕೃತಯುಗ ಬರುತ್ತೆ. ದೊಡ್ಡ ಪ್ರಳಯ ಅನ್ನೋದು ಕಲ್ಪದ ಕೊನೆಗೆ, ಕಲ್ಪ ಅಂದ್ರೆ 432 ಕೋಟಿ ವರ್ಷ. ಈ ಚಾನೆಲ್‌ನೋರು ಮುಂದಿನ ಅಮಾವಾಸ್ಯೆಗೆ ಇಳಿಸಿಬಿಟ್ಟಿದ್ದಾರೆ.

ನನ್ನ ಸೋದರತ್ತೆ ಹಿಂಗೇ ಆಗಿದ್ರು. ಅವರಿಗೆ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ, "ಮೊನ್ನೆ ಸತ್ಯನಾರಾಯಣ ಪೂಜೇಲಿ ಪ್ರಥಮಪಾದೇ ಅಂದಾಗ ನೀನೂ ನೀರು ಬಿಟ್ಟೆಯಲ್ಲ ತಂಗಿ, ಸುಳ್ಳು ಸಂಕಲ್ಪ ಮಾಡಿದ್ಯಾ?" ಅತ್ತೆ ಸುಮ್ನಾದ್ರು.

ಬುಲೆಟ್_ರಾಜ

ಅಂದ್ರೆ ಒಂದು ಮೂಢನಂಬಿಕೆ ತೆಗೆಯೋಕೆ ಇನ್ನೊಂದು. 4,32,000ಕ್ಕೆ ಪ್ರೂಫ್ ಏನ್ ಗುರೂ?

ತುಂಗಾತೀರ

ಪ್ರೂಫ್ ಕೇಳ್ತಿರೋದು ನೀನು, ಕಣ್ಣು ಹೋಗ್ತಿರೋದು ಆ ತಾಯಿದು. ಯಾವ ಕೀಲಿ ಹಾಕಿದ್ರೆ ಬಾಗಿಲು ತೆಗೆಯುತ್ತೋ ಅದನ್ನ ಹಾಕೋಣ, ಆಮೇಲೆ ನಾವಿಬ್ರೂ ಜಗಳ ಆಡೋಣ.

ಸೈಕಲ್_ಶಾಪ್_ಶಿವಮೊಗ್ಗ

ಅಕ್ಕ, ಇದು ಬರೀ ನಿಮ್ಮಮ್ಮನ ಕಥೆ ಅಲ್ಲ. ನಮ್ಮ ಅಬ್ಬಾ ಲಾಕ್‌ಡೌನ್ ಟೈಮಲ್ಲಿ ಅಂಗಡಿ ಶಟರ್ ಎಳ್ಕೊಂಡು ಮನೇಲಿ ಕೂತಾಗ ಇದೇ ಆಗಿತ್ತು, ದಜ್ಜಾಲ್ (ಕೊನೇ ಕಾಲಕ್ಕೆ ಬರೋ ಮೋಸಗಾರ) ಬಂದ, ಕಿಯಾಮತ್ (ಪ್ರಳಯದ ದಿನ) ನಿಶಾನಿ ಒಂದೊಂದೇ ಕಾಣ್ತಿದೆ ಅಂತ ಉರ್ದು ಚಾನೆಲ್. ನಾನು ಒಂದಿನ ನಮ್ಮ ಫ್ರೆಂಡ್ ಮನೇಲಿ ಕಾಲಜ್ಞಾನದ ವಿಡಿಯೋ ನೋಡಿದೆ, ನಗು ಬಂತು, ಅದೇ ಬೆಂಕಿ, ಅದೇ ಕೆಂಪು ಚಂದ್ರ, ಅದೇ ಗುಡುಗು ಮ್ಯೂಸಿಕ್. ಒಂದೇ ಕಡೆ ಡೌನ್‌ಲೋಡ್ ಮಾಡ್ತಾರೋ ಏನೋ, ಹಿಂದೂ ಮುಸ್ಲಿಂ ಭಾಯಿ ಭಾಯಿ ಇಲ್ಲಾದ್ರೂ ಇದೆ.

ಅಬ್ಬಾನ ದಾರಿಗೆ ತಂದಿದ್ದು ನಮ್ಮ ಮೊಹಲ್ಲಾದ ಒಬ್ಬ ವಯಸ್ಸಾದ ಹಜರತ್, ಧರ್ಮಗುರುಗಳು. ಮನೆಗೆ ಬಂದು ಚಾ ಕುಡೀತಾ ಹೇಳಿದ್ರು, ಕಿಯಾಮತ್ ಟೈಮು ಅಲ್ಲಾಹನಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ ಅಂತ ಖುರಾನಲ್ಲೇ ಇದೆ, ಹಾಗಿರೋವಾಗ ಯೂಟ್ಯೂಬ್‌ನೋನಿಗೆ ಹೇಗೆ ಗೊತ್ತಾಯ್ತು? ಇನ್ನೊಂದು ಹದೀಸ್ (ಪ್ರವಾದಿಗಳ ಮಾತು) ಹೇಳಿದ್ರು, ನಿನ್ನ ಕೈಲಿ ಖರ್ಜೂರದ ಸಸಿ ಇರೋವಾಗ ಕಿಯಾಮತ್ ಬಂದೇಬಿಟ್ರೂ, ನೆಡೋಕಾದ್ರೆ ನೆಟ್ಟುಬಿಡು ಅಂತ. ಅಬ್ಬಾ ಅವತ್ತು ಏನೂ ಮಾತಾಡ್ಲಿಲ್ಲ. ಎರಡು ದಿನ ಬಿಟ್ಟು ಹಿಂದಿನ ಬಾಗಿಲಿಂದ ಅಂಗಡಿಗೆ ಹೋಗಿ ಹಳೇ ಸೈಕಲ್ ಓವರಾಯಿಲ್ ಮಾಡ್ತಾ ಕೂತ್ರು. ಗಿರಾಕಿ ಯಾರೂ ಇಲ್ಲ, ಸುಮ್ನೆ. ಲಾಕ್‌ಡೌನ್ ತೆಗೆದ್ಮೇಲೆ ಆ ಸೈಕಲೆಲ್ಲ ಮಾರಾಟ ಆಯ್ತು ಅನ್ನೋದು ಬೇರೆ ವಿಷಯ.

ಮೆಣಸಿನ ಬಳ್ಳಿ ವಿಷಯ ಓದಿದಾಗ ಆ ಮಾತು ನೆನಪಾಯ್ತು, ಅದಕ್ಕೆ ಬರೆದೆ.

ಮಡಿಕೇರಿ_ಮಂಜು

ಎಲ್ರೂ ಕಲಿಯುಗದ ಲೆಕ್ಕ ಹಾಕ್ತಿದ್ದೀರ, ನನಗೆ ಆ ಗುಡ್ಡದ ಚಿಂತೆ. ಕಾಫಿಹೂವು ಅವರೇ, ಸಿಟ್ಟಾಗಬೇಡಿ, ನಿಮ್ಮಮ್ಮ ಹೆದರಿರೋದು ಸರಿಯಾಗೇ ಇದೆ. ಹೆದರಬೇಕಾದ್ದಕ್ಕೇ ಹೆದರಿದ್ದಾರೆ, ಹೆಸರು ಮಾತ್ರ ದೊಡ್ಡದು ಇಟ್ಟಿದ್ದಾರೆ. 2019ರಲ್ಲಿ ಒಂದ್ಸಲ ಜಾರಿದ ಗುಡ್ಡದ ಕೆಳಗೆ ಒಬ್ಬರೇ ಮಲಗೋ ಹೆಂಗಸಿಗೆ ಬೆಟ್ಟ ಕರಗುತ್ತೆ ಅಂತ ಯಾರೋ ಹೇಳಿದ್ರೆ ನಂಬದೆ ಏನ್ ಮಾಡ್ತಾರೆ? ಅವರು ಕಣ್ಣಾರೆ ಕಂಡಿದ್ದಾರೆ.

2018ರ ಆಗಸ್ಟಲ್ಲಿ ನಮ್ಮ ಕೊಡಗಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಕುಸಿದು ಏನಾಯ್ತು ಅಂತ ನಿಮಗೆ ಗೊತ್ತು. ನಮ್ಮ ಮನೆ ಉಳೀತು, ಪಕ್ಕದ ತೋಟ ಉಳೀಲಿಲ್ಲ. ಹಿಂದಿನ ದಿನ ಏನೇನು ಕಂಡಿತ್ತು ಅಂತ ಈಗ ಕೂತು ಯೋಚಿಸಿದ್ರೆ ಮೈ ಜುಮ್ಮನ್ನುತ್ತೆ. ವರ್ಷಗಟ್ಟಲೆ ತಿಳಿಯಾಗಿದ್ದ ಒರತೆ ನೀರು ಕೆಂಪಗೆ ಬಂತು. ಮೇಲ್ಗಡೆ ಇಲ್ಲದೇ ಇದ್ದ ಜಾಗದಲ್ಲಿ ಹೊಸದಾಗಿ ಜಲ ಒಡೀತು. ಸಿಲ್ವರ್ ಓಕ್ ಮರಗಳು ಒಂದೇ ಕಡೆಗೆ ವಾಲಿದ್ವು, ಹಿಂದಿನ ಬಾಗಿಲು ಚೌಕಟ್ಟಿಗೆ ಕಚ್ಕೊಂಡು ತೆಗೆಯೋಕೇ ಬರ್ಲಿಲ್ಲ, ಮಳೆಗೆ ಮರ ಉಬ್ಬಿದೆ ಅಂದ್ಕೊಂಡ್ವಿ. ತೊರೆ ನೀರು ಅಷ್ಟು ಮಳೇಲೂ ಇದ್ದಕ್ಕಿದ್ದಂತೆ ಕಮ್ಮಿ ಆದ್ರೆ ಇನ್ನೂ ಅಪಾಯ, ಮೇಲೆ ಎಲ್ಲೋ ಕಟ್ಕೊಂಡಿದೆ ಅಂತ. ಇವು ಕಂಡ್ರೆ ಯಾರನ್ನೂ ಕೇಳ್ಬೇಡಿ, ಹೊರಡಿ. ರಾತ್ರಿಗೆ ಕಾಯಬೇಡಿ. ಜಿಲ್ಲಾ ಕಂಟ್ರೋಲ್ ರೂಂ 1077, ಅದನ್ನ ಅಮ್ಮನ ಫೋನಲ್ಲಿ ಸೇವ್ ಮಾಡಿಕೊಡಿ.

ಇನ್ನೊಂದು. ವಯನಾಡಿನ ವಿಡಿಯೋ ಅಷ್ಟು ನೋಡಿದ್ದಾರಲ್ಲ, ಅದರ ಇನ್ನೊಂದು ಅರ್ಧ ಯಾರೂ ಅವರಿಗೆ ತೋರಿಸಿರಲ್ಲ. ಕಲ್ಪೆಟ್ಟಾದಲ್ಲಿ ಹ್ಯೂಮ್ ಸೆಂಟರ್ ಅಂತ ಒಂದು ಸಂಸ್ಥೆ ಇದೆ, ಜಿಲ್ಲೆ ತುಂಬಾ 200ರಷ್ಟು ಮಳೆ ಮಾಪಕ ಇಟ್ಕೊಂಡು ದಿನಾ ಅಳೀತಾರೆ, ಅಳೆಯೋರು ಎಷ್ಟೋ ಜನ ನಮ್ಮ ನಿಮ್ಮಂಥ ಬೆಳೆಗಾರರೇ. ಅಲ್ಲಿ 48 ಗಂಟೆಲಿ 570 ಮಿಲಿಮೀಟರ್ ದಾಟಿತ್ತು. ಜುಲೈ 29ರ ಬೆಳಗ್ಗೆನೇ, ಅಂದ್ರೆ ಗುಡ್ಡ ಬರೋಕೆ 16 ಗಂಟೆ ಮುಂಚೆ, ಇಲ್ಲಿ ಜಾರಬಹುದು ಅಂತ ಜಿಲ್ಲಾಡಳಿತಕ್ಕೆ ತಿಳಿಸಿದ್ರು. ಆಮೇಲೆ 250ಕ್ಕೂ ಹೆಚ್ಚು ಜನ ಹೋದ್ರು, ಅದು ಬೇರೆ ಸಂಕಟ. ಆದ್ರೆ ಮೊದಲೇ ಗೊತ್ತಾಗಿದ್ದು ಯಾವ ಗ್ರಂಥದಿಂದಲೂ ಅಲ್ಲ, ಡಬ್ಬಿಲಿ ಬಿದ್ದ ನೀರು ಅಳೆದವರಿಂದ. ನಿಮ್ಮ ಮನೇಲೂ ಮೊದಲು ರೈನ್ ಗೇಜ್ ಇದ್ದಿರಬೇಕಲ್ವಾ, ಕಾಫಿ ತೋಟ ಅಂದ್ಮೇಲೆ?

ಮತ್ತೆ ಇದು ಕೇಳಲೇಬೇಕು. ಮನೆ ಹಿಂದೆ ಬರೆ, ಅಂದ್ರೆ ಗುಡ್ಡದ ಇಳಿಜಾರು, ಕಡಿಸಿದ್ದೀರಾ? ಶಿರೂರಲ್ಲಿ ರೋಡಿಗೆ ಅಂತ ಗುಡ್ಡ ನೆಟ್ಟಗೆ ಕಡಿದಿದ್ರು. ನಮ್ಮ ಕಡೆ ಸೈಟಿಗೆ, ಹೋಂಸ್ಟೇಗೆ, ಕಣಕ್ಕೆ ಅಂತ ಜೆಸಿಬಿ ತಂದು ಕಡಿಸ್ತಾರೆ. ಕಾಲು ಕಡಿದ್ಮೇಲೆ ಗುಡ್ಡ ಯಾವುದರ ಮೇಲೆ ನಿಲ್ಲುತ್ತೆ.

ಕಾಫಿಹೂವು

ಮಂಜು ಅವ್ರೇ, ಹೌದು. 2017ರಲ್ಲಿ ಕಾಫಿ ಒಣಗಿಸೋ ಕಣ ಸಾಲಲ್ಲ ಅಂತ ಜೆಸಿಬಿ ಇಂದ ಬರೆ ಕಡಿಸಿದ್ರು. ಇದನ್ನ ನಾನು ಯಾವತ್ತೂ ಜೋಡಿಸಿ ನೋಡಿರ್ಲಿಲ್ಲ. ಈಗ ಓದಿ ಹೊಟ್ಟೆಲಿ ಏನೋ ಆಯ್ತು.

ರೈನ್ ಗೇಜ್ ಅಪ್ಪಂದಿತ್ತು. ಬೆಳಗ್ಗೆ ಎಂಟಕ್ಕೆ ಅಳೆದು ಇಂಚು ಸೆಂಟಲ್ಲಿ (ನೂರು ಸೆಂಟಿಗೆ ಒಂದು ಇಂಚು) ಡೈರಿಲಿ ಬರೀತಿದ್ರು. ಅಪ್ಪ ಹೋದ್ಮೇಲೆ ಯಾರೂ ಮುಟ್ಟಿಲ್ಲ.

ರಾತ್ರಿಪಾಳಿ

ನಾನು ಸ್ಟಾಫ್ ನರ್ಸ್, ಡಾಕ್ಟರ್ ಅಲ್ಲ, ಆದ್ರೂ ಒಂದೆರಡು ಪ್ರಶ್ನೆ. ಅಮ್ಮ ರಾತ್ರಿ ನಿದ್ದೆ ಮಾಡ್ತಾರಾ? ಊಟ ಕಮ್ಮಿ ಆಗಿದ್ಯಾ? ಮೊದಲು ಖುಷಿಯಿಂದ ಮಾಡ್ತಿದ್ದ ಕೆಲಸ ಬಿಟ್ಟಿದ್ದಾರಾ? ತೋಟ ಬಿಟ್ಟಿದ್ದಾರೆ ಅಂತ ನೀವೇ ಬರೆದಿದ್ದೀರ. ಗಂಡ ಹೋಗಿ ಇಷ್ಟು ವರ್ಷ ಆದ್ಮೇಲೂ ಅವರ ರೈನ್ ಗೇಜ್ ಮುಟ್ಟದೇ ಇರೋದು ನೋಡಿದ್ರೆ ಇದು ಬರೀ ಭಕ್ತಿಯ ವಿಷಯ ಅಲ್ಲ ಅನ್ಸುತ್ತೆ.

ಎರಡನೇ ಅಲೆಲಿ ನಾನು ಕೋವಿಡ್ ವಾರ್ಡಲ್ಲೇ ಇದ್ದೆ. ಎಷ್ಟೋ ಮನೆಯೋರಿಗೆ ಮುಖ ನೋಡೋಕೆ ಬಿಡ್ಲಿಲ್ಲ ನಾವು, ನಿಯಮ ಹಾಗಿತ್ತು. ಪ್ಲಾಸ್ಟಿಕ್ಕಲ್ಲಿ ಸುತ್ತಿ ಕೊಡ್ತಿದ್ವಿ. ತಿಥಿ ಇಲ್ಲ, ನೆಂಟರಿಲ್ಲ, ಅಳೋಕೆ ಒಂದು ಹೆಗಲಿಲ್ಲ. ಅಂಥೋರಿಗೆ ಪ್ರಪಂಚ ಅವತ್ತೇ ಮುಗಿದಿರುತ್ತೆ. ವಿಡಿಯೋದೋನು ಮುಗಿಯುತ್ತೆ ಅಂದ್ರೆ ಅವರಿಗೆ ಹೊಸ ಸುದ್ದಿಯೇ ಅಲ್ಲ.

ಟೆಲಿಮಾನಸ್ 14416 ಅಂತ ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಇದೆ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ, ಮೊದಲು ನೀವೇ ಮಾಡಿ ಅಮ್ಮನ ವಿಷಯ ಹೇಳಿ. ಮನೋಚೈತನ್ಯ ಅಂತ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋರೋಗ ತಜ್ಞರು ನೋಡ್ತಾರೆ, ನಿಮ್ಮ ತಾಲೂಕಲ್ಲಿ ಯಾವ ಮಂಗಳವಾರ ಅಂತ ಕೇಳ್ಕೊಂಡು ಹೋಗಿ. ಹುಚ್ಚಿನ ಡಾಕ್ಟ್ರು ಅಂತ ಅಮ್ಮ ಹಿಂಜರಿದ್ರೆ ನಿದ್ದೆ ಬರ್ತಿಲ್ವಲ್ಲ ಅದಕ್ಕೆ ಅನ್ನಿ, ಅದೇನು ಸುಳ್ಳಲ್ಲ. ಕಣ್ಣು ಮಂಜಾಗಿ ಮನೇಲೇ ಕೂತ್ರೆ ಮನಸ್ಸಿನ ಹೆದರಿಕೆ ಜಾಸ್ತಿ ಆಗುತ್ತೆ, ಆಪರೇಷನ್ ವಿಷಯ ಬಿಡಬೇಡಿ, ಆದ್ರೆ ಮೊದಲನೇ ದಿನಾನೇ ಅದನ್ನ ಎತ್ತಬೇಡಿ.

ಬುಲೆಟ್_ರಾಜ

ಸರಿ, ನನ್ನ ಫೋನ್ ಐಡಿಯಾ ವಾಪಸ್ ತಗೊಂಡೆ. ಆದ್ರೆ ಆ 15,000 ತಗೊಂಡೋನ ಮೇಲೆ ಕಂಪ್ಲೇಂಟ್ ಕೊಡಿ, 1930ಕ್ಕೆ ಮಾಡಿ, ಸೈಬರ್ ಹೆಲ್ಪ್‌ಲೈನ್. ಇದನ್ನ ಬಿಡಬಾರದು. ಆ ಚಾನೆಲ್ ರಿಪೋರ್ಟ್ ಮಾಡಿ, ಅಮ್ಮನ ಫೋನಲ್ಲಿ ಹಿಸ್ಟರಿ ಕ್ಲಿಯರ್ ಮಾಡಿ ನಾಲ್ಕು ದಿನ ಹಳೇ ಚಿತ್ರಗೀತೆ, ಹಸು ಸಾಕಾಣಿಕೆ ಏನಾದ್ರೂ ಹಾಕಿಡಿ, ಆಮೇಲೆ ಯೂಟ್ಯೂಬೂ ಅಂಥದ್ದನ್ನೇ ತೋರಿಸೋಕೆ ಶುರು ಮಾಡುತ್ತೆ.

ನಿವೃತ್ತ_ಮಾಸ್ತರ

ನರ್ಸಬಾಯಿ ಬರದದ್ದು ಎದಿಗೆ ನಾಟಿತು. ನಮ್ಮ ಅಜ್ಜಿ ಪ್ಲೇಗಿನ ಮಾತು ಹೇಳತಿದ್ದಳು. ಇಲಿ ಬಿತ್ತಂದ್ರ ಊರು ಬಿಟ್ಟು ಹೊಲದಾಗ ಗುಡಿಸಲಾ ಹಾಕೊಂಡು ಇರೂದು, ತಿಂಗಳಗಟ್ಟಲೆ. ಪ್ಲೇಗಮ್ಮಗ ಪೂಜಿನೂ ಮಾಡತಿದ್ದರು, ಗಂಟು ಕಟಗೊಂಡು ಊರೂ ಬಿಡತಿದ್ದರು. ಎರಡೂ. ಪೂಜಿ ಮಾಡೇವಿ ಅಂತ ಇಲಿ ಸತ್ತ ಮನಿಯಾಗ ಯಾರೂ ಮಲಗಲಿಲ್ಲ. ಮೈಸೂರು ಸೀಮ್ಯಾಗ 1876ರ ಬರ ಬಂದಾಗ ಮಂದಿ ಗುಳೇ ಹೋದರು, 1871ರ ಗಣತಿಯೊಳಗ ಸುಮಾರು 50 ಲಕ್ಷ ಇದ್ದ ಜನ 1881ಕ್ಕ 42 ಲಕ್ಷ. ಅದಕಿಂತ ದೊಡ್ಡ ಪ್ರಳಯ ಯಾವುದೈತಿ. ಉಳದವರು ಮತ್ತ ಬಂದು ಅದ ಹೊಲಾ ಹರಗಿದರು.

ಅವ್ವಗ ನನ್ನ ನಮಸ್ಕಾರ ತಿಳಸ್ರಿ.

ಕಾಫಿಹೂವು

ಮೂರು ವಾರ ಆಯ್ತು, ಅಪ್‌ಡೇಟ್ ಕೊಡದೆ ಇದ್ದಿದ್ದಕ್ಕೆ ಕ್ಷಮಿಸಿ. ನಾಲ್ಕು ದಿನ ರಜಾ ಹಾಕಿ ಊರಿಗೆ ಹೋಗಿದ್ದೆ.

ಮೊದಲನೇ ದಿನ ಏನೂ ಮಾತಾಡ್ಲಿಲ್ಲ. ಅಮ್ಮನ ಪಕ್ಕ ಕೂತು ನಾನೂ ಆ ವಿಡಿಯೋ ನೋಡಿದೆ, ಒಂದೂವರೆ ಗಂಟೆ. ತುಂಗಾತೀರ ಅವರ ಪ್ರಥಮಪಾದದ ಮಾತು ಹೇಳಿದೆ. ಅಮ್ಮ ನಕ್ಕು, "ಪುರೋಹಿತ್ರು ಬಾಯಿಪಾಠ ಒಪ್ಪಿಸ್ತಾರೆ, ಹಂಗೇನು ಲೆಕ್ಕ ಹಾಕಿರ್ತಾರಾ" ಅಂದ್ರು. ಆ ಕೀಲಿ ನಮ್ಮನೆ ಬಾಗಿಲಿಗೆ ಆಗ್ಲಿಲ್ಲ ಸಾರ್. ಮಾಸ್ತರ್ ಅವರ ಜೋಳದ ಕಥೆ ಮಾತ್ರ ಪೂರ್ತಿ ಕೇಳಿದ್ರು, ಬಡ್ಡಿ ವಸೂಲಿ ಮಾಡಿದೋನ ಹೆಸರೇನು ಅಂತ ಬೇರೆ ಕೇಳಿದ್ರು.

ಎರಡನೇ ದಿನ ಮನೆ ಹಿಂದೆ ಬರೆ ನೋಡೋಣ ಬಾ ಅಂದೆ. ಬರಲ್ಲ ಅಂದ್ರು. ಸರಿ ನಾನೊಬ್ಳೇ ಹೋಗ್ತೀನಿ ಅಂತ ಹೊರಟೆ, ಜಿಗಣೆಗೆ ಸುಣ್ಣ ಹಚ್ಕೊಳ್ಳೇ ಅಂತ ಕೂಗ್ತಾ ಹಿಂದೆನೇ ಬಂದ್ರು. ಮೇಲೆ ಕಾಫಿ ಸಾಲಿನ ಮಧ್ಯೆ ಉದ್ದಕ್ಕೆ ಒಂದು ಬಿರುಕು, ನನ್ನ ಅಂಗೈ ಹೋಗುವಷ್ಟು. ಅಮ್ಮಂಗೆ ಕಣ್ಣು ಸರಿಯಾಗಿ ಕಾಣಲ್ಲ, ನಾನು ಕೈ ಹಿಡಿದು ಮುಟ್ಟಿಸಿದೆ. ತುಂಬಾ ಹೊತ್ತು ಸುಮ್ನೆ ಕೂತ್ರು. ಆಮೇಲೆ ಹೇಳಿದ್ರು, ಕಣ ಸಾಲಲ್ಲ ಅಂತ ಹಠ ಹಿಡಿದಿದ್ದು ಅಪ್ಪ ಅಲ್ವಂತೆ, ಅಮ್ಮನೇ ಅಂತೆ. ಅಪ್ಪ ಬೇಡ ಬರೆ ಸಡಿಲ ಆಗುತ್ತೆ ಅಂದಿದ್ರಂತೆ. ಪಕ್ಕದ ಮನೆಯೋರು ಕಡಿಸಿಲ್ವಾ ಅಂತ ಅಮ್ಮ ಎರಡು ದಿನ ಊಟ ಬಿಟ್ಟು ಕಡಿಸಿದ್ದು. 2019ರಲ್ಲಿ ಕೊಟ್ಟಿಗೆವರೆಗೂ ಬಂದಾಗ ಅಪ್ಪ ಒಂದು ಮಾತೂ ಆಡ್ಲಿಲ್ವಂತೆ, ಅದೇ ಇವತ್ತಿಗೂ ಚುಚ್ಚುತ್ತೆ ಅಂದ್ರು. "ಬೈದಿದ್ರೆ ಚೆನ್ನಾಗಿತ್ತು ಪುಟ್ಟೀ." ನಾನು ಏನೂ ಹೇಳ್ಲಿಲ್ಲ, ಹೇಳೋಕೆ ಏನೂ ಬರ್ಲೂ ಇಲ್ಲ, ಇಬ್ರೂ ಕೂತು ಅತ್ತಿದ್ದು ಅಷ್ಟೇ.

ಆ ಬಿರುಕಿಗೆ ನೀರು ಇಳಿಯದ ಹಾಗೆ ಮಣ್ಣು ತುಂಬಿ ಮೇಲೆ ಟಾರ್ಪಾಲು ಹೊದಿಸಿದ್ದೀವಿ, ಮೇಲಿಂದ ಬರೋ ನೀರಿಗೆ ಪಕ್ಕಕ್ಕೆ ಚರಂಡಿ ತೋಡಿಸಿದ್ದೀವಿ. ಪಂಚಾಯ್ತಿಗೆ ಅರ್ಜಿ ಕೊಟ್ಟಿದೆ, ನೋಡ್ತೀವಿ ಅಂದಿದ್ದಾರೆ, ನೋಡ್ತಾರೆ. ಹಾಸನಕ್ಕೆ ಹೋಗಲ್ಲ ಅನ್ನೋದು ಪ್ರಳಯಕ್ಕಲ್ಲ ಅಂತ ಈಗ ಗೊತ್ತಾಯ್ತು, ಹಸು ಹಾಲು ಕರೆಯೋರು ಯಾರು ಅಂತ. ಮತ್ತೆ ಅತ್ತಿಗೆ ಜೊತೆ ಆಗಲ್ಲ, ಅದೂ ಇದೆ. ಅದಕ್ಕೆ ದಿಬ್ಬದ ಮೇಲಿರೋ ಚಿಕ್ಕಮ್ಮನ ಮನೆಗೆ ಹಸು ಸಮೇತ ಹೋಗೋದು ಅಂತ ಮಾತಾಯ್ತು. ಯಾವಾಗ ಹೋಗೋದು ಅನ್ನೋದಕ್ಕೆ ಅಪ್ಪನ ಡೈರಿ ತೆಗೆದ್ವಿ. 2019ರಲ್ಲಿ ಗುಡ್ಡ ಬಂದ ಹಿಂದಿನ ಎರಡು ದಿನದ ಮಳೆ ಅದರಲ್ಲಿದೆ, ಅಪ್ಪನ ಅಕ್ಷರ, ಕೆಳಗೆ ಗೆರೆ ಎಳೆದಿದ್ದಾರೆ. ಅದರ ಅರ್ಧ ಬಿದ್ರೆ ಹೊರಡೋದು ಅಂತ ಅಮ್ಮನೇ ಹೇಳಿದ್ರು.

ವಿಡಿಯೋ ಬಿಟ್ಟಿಲ್ಲ. ನಿನ್ನೆನೂ ಯಾವುದೋ ಕೆಂಪು ಚಂದ್ರಂದು ಫಾರ್ವರ್ಡ್ ಮಾಡಿದ್ರು. ಕಣ್ಣಿನ ಆಪರೇಷನ್ ದೀಪಾವಳಿ ಆದ್ಮೇಲೆ ನೋಡೋಣ ಅಂದಿದ್ದಾರೆ, ಬೇಡ ಅಂದಿಲ್ಲ. 14416ಕ್ಕೆ ನಾನು ಮಾಡಿದ್ದೆ, ಅವರು ಹೇಳಿದ ಹಾಗೆ ಮುಂದಿನ ತಿಂಗಳು ಮಂಗಳವಾರ ಕರ್ಕೊಂಡು ಹೋಗ್ಬೇಕು, ನಿದ್ದೆಗೆ ಅಂತ ಒಪ್ಪಿಸಿದ್ದೀನಿ. 1930ಕ್ಕೂ ಕಂಪ್ಲೇಂಟ್ ಆಗಿದೆ. ತಾಮ್ರದ ತಗಡು ಮಾತ್ರ ಬಾಗಿಲ ಮೇಲೆ ಹಾಗೇ ಇದೆ, ತೆಗೆಯೋಕೆ ಬಿಡ್ಲಿಲ್ಲ.

ಬೆಳಗ್ಗೆ ಎಂಟೂಕಾಲಿಗೆ ಫೋನ್ ಬರುತ್ತೆ ಈಗ. ಅಳತೆ ಗ್ಲಾಸಿನ ಗೆರೆ ಅವರಿಗೆ ಕಾಣಲ್ಲ, ಪಕ್ಕದ ಮನೆ ಹುಡುಗ ಸ್ಕೂಲಿಗೆ ಹೋಗ್ತಾ ಓದಿ ಹೇಳ್ತಾನೆ. ಇವತ್ತು 1 ಇಂಚು 35 ಸೆಂಟು.

ಮಡಿಕೇರಿ_ಮಂಜು

ಇಲ್ಲಿ 2 ಇಂಚು 10. ಬಿರುಕಿನ ಎರಡೂ ಕಡೆ ಒಂದೊಂದು ಗೂಟ ಹೊಡೆದು ಮಧ್ಯದ ಅಳತೆ ವಾರಕ್ಕೊಂದ್ಸಲ ಬರೆದಿಡೋಕೆ ಹೇಳಿ ಆ ಹುಡುಗನಿಗೆ. ಜಾಸ್ತಿ ಆಗ್ತಿದ್ರೆ ಡೈರಿ ಲೆಕ್ಕಕ್ಕೂ ಕಾಯಬೇಡಿ.

ಸೈಕಲ್_ಶಾಪ್_ಶಿವಮೊಗ್ಗ

ಅಕ್ಕ, ಮೆಣಸಿನ ಬಳ್ಳಿ?

ಕಾಫಿಹೂವು

ಇಪ್ಪತ್ತು ಬಳ್ಳಿ ತರಿಸಿದ್ದಾರೆ ತಮ್ಮಾ. ನನಗೆ ಹೇಳೇ ಇರ್ಲಿಲ್ಲ, ಆಟೋದೋನು ಬಾಡಿಗೆ ಕೇಳೋಕೆ ಫೋನ್ ಮಾಡಿದಾಗ ಗೊತ್ತಾಯ್ತು.